ಗುಡ್ಡ ಒಡೆದದ್ದು ಮೇಲೆ, ಊರು ಹೋದದ್ದು ಕೆಳಗೆ: ಭೂಕುಸಿತ ಎಲ್ಲಿಯವರೆಗೆ ಹರಿಯುತ್ತದೆ ಎಂಬ ಲೆಕ್ಕ

2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಕಣ್ಮರೆಯಾಗಿ ಕೊನೆಗೆ ಮೃತರೆಂದು ಘೋಷಿತರಾದವರನ್ನೂ ಸೇರಿಸಿದರೆ 290ಕ್ಕೂ ಹೆಚ್ಚು ಜೀವಗಳು ಹೋದವು. ಆನಂತರ ಬಂದ ಸುದ್ದಿಗಳಲ್ಲಿ ಓದುಗರಿಗೆ ತೀರ ಗೊಂದಲ ಹುಟ್ಟಿಸಿದ್ದು ಒಂದು ಗೆರೆಯ ವಿಚಾರ. ಸರ್ಕಾರದ ತಜ್ಞರ ತಂಡ ಅಲ್ಲಿನ ಪುನ್ನಪ್ಪುಳ ಹೊಳೆಯ ಎರಡೂ ಬದಿ ಓಡಾಡಿ, ಇದರ ಒಳಗೆ ಯಾರೂ ವಾಸಿಸಬಾರದು, ಹೊರಗಿದ್ದರೆ ತೊಂದರೆಯಿಲ್ಲ ಎಂದು ಗಡಿ ಗುರುತಿಸಿತು. ಒಳಗಿದ್ದವರ ಹೆಸರು ಪುನರ್ವಸತಿ ಪಟ್ಟಿಗೆ ಸೇರಿತು. ಗೆರೆಗೆ ತಾಗಿದಂತೆ ಹೊರಗೆ ಮನೆ ಇದ್ದವರು ಬೀದಿಗಿಳಿದರು: ಪಕ್ಕದ ಮನೆಗೆ ಅಪಾಯ ಇದೆ ಎಂದಾದರೆ ನಮ್ಮ ಮನೆ ಹೇಗೆ ಸುರಕ್ಷಿತ?

ಇದಕ್ಕೆ ಅಧಿಕಾರಿಗಳ ಬಳಿ ಸಮಾಧಾನಕರ ಉತ್ತರ ಇರಲಿಲ್ಲ. ಅದು ಅವರ ಅಸಡ್ಡೆಯಿಂದ ಮಾತ್ರ ಆದದ್ದಲ್ಲ. ಕುಸಿದ ಗುಡ್ಡ ರಾಡಿಯಾಗಿ ಹರಿಯತೊಡಗಿದ ಮೇಲೆ ಎಷ್ಟು ದೂರ, ಎಷ್ಟು ಅಗಲಕ್ಕೆ, ಎಷ್ಟು ವೇಗದಲ್ಲಿ ಹೋಗುತ್ತದೆ ಎಂಬುದನ್ನು ಕಂಪ್ಯೂಟರ್ ಮಾದರಿಗಳಿಂದ ಲೆಕ್ಕ ಹಾಕುವ ಶಾಸ್ತ್ರ ಇದೆ. ಆ ಶಾಸ್ತ್ರದ ಒಳಗೇ ಬಗೆಹರಿಯದ ಒಂದು ಪ್ರಶ್ನೆ ಇದೆ. ಹರಿವು ತನ್ನ ಕಾಲಡಿಯ ನೆಲವನ್ನೇ ಕೊರೆದು ಮೈದುಂಬಿಕೊಳ್ಳುತ್ತಾ ಹೋಗುವಾಗ ಏನಾಗುತ್ತದೆ ಎಂಬುದು ಆ ಪ್ರಶ್ನೆ.

ಒಡೆಯುವುದು ಎಲ್ಲಿ, ತಲುಪುವುದು ಎಲ್ಲಿಗೆ?

ದುರಂತದ ಮರುದಿನವೇ ಸಂಸತ್ತಿನ ಒಳಗೂ ಹೊರಗೂ ಮಾತಿನ ಜಟಾಪಟಿ ನಡೆಯಿತು. ಕೇರಳಕ್ಕೆ ಒಂದು ವಾರ ಮೊದಲೇ ಎಚ್ಚರಿಕೆ ಕೊಟ್ಟಿದ್ದೆವು ಎಂದು ಗೃಹ ಸಚಿವ ಅಮಿತ್ ಶಾ ಹೇಳಿದರು. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಬಂದದ್ದು ಗುಡ್ಡ ಕುಸಿದ ಮೇಲೆ ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ತಿರುಗೇಟು ಕೊಟ್ಟರು. ಪತ್ರಿಕೆಗಳ ಪುಟಗಳೆಲ್ಲ ಈ ‘ಯಾವಾಗ’ ಎಂಬ ಪ್ರಶ್ನೆಯಿಂದಲೇ ತುಂಬಿದವು. ‘ಎಲ್ಲಿಯವರೆಗೆ’ ಎಂಬ ಪ್ರಶ್ನೆಗೆ ಸಿಕ್ಕ ಜಾಗ ಬಹಳ ಕಡಿಮೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಿಂದ ದೇಶದ ಸುಮಾರು 4.3 ಲಕ್ಷ ಚದರ ಕಿಲೋಮೀಟರ್ ಗುಡ್ಡಗಾಡಿಗೆ ಭೂಕುಸಿತ ಸಾಧ್ಯತೆಯ ನಕ್ಷೆ ಮಾಡಿದೆ. ಇಳಿಜಾರು, ಮಣ್ಣಿನ ಬಗೆ, ಕಲ್ಲಿನ ರಚನೆ, ನೆಲದ ಬಳಕೆ, ಹಿಂದೆ ಕುಸಿದ ಗುರುತು ಇವೆಲ್ಲವನ್ನೂ ಒಂದರ ಮೇಲೊಂದು ಇಟ್ಟು, ನೆಲ ಒಡೆಯುವ ಸಾಧ್ಯತೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಅವು ಬಣ್ಣದಲ್ಲಿ ತೋರಿಸುತ್ತವೆ. ದೊಡ್ಡ ಕೆಲಸ, ಅಗತ್ಯವಾಗಿದ್ದ ಕೆಲಸ. ಆದರೆ ಅವು ಉತ್ತರ ಹೇಳುವುದು ಎಲ್ಲಿ ಒಡೆಯಬಹುದು ಎಂಬ ಪ್ರಶ್ನೆಗೆ ಮಾತ್ರ. ಒಡೆದದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಅವುಗಳ ವ್ಯಾಪ್ತಿಯಲ್ಲಿಲ್ಲ. ಹೊಳೆ ಬದಿಯ ಸಮತಟ್ಟು ಜಾಗ ಇಂಥ ನಕ್ಷೆಯಲ್ಲಿ ಕಡಿಮೆ ಅಪಾಯದ ಬಣ್ಣದಲ್ಲಿ ಇರುವುದು ಸಹಜ, ಏಕೆಂದರೆ ಅಲ್ಲಿ ಒಡೆಯಲು ಇಳಿಜಾರೇ ಇಲ್ಲ. ಜನ ಮನೆ ಕಟ್ಟುವುದೂ ಅಂಗಡಿ, ಶಾಲೆ ಏಳುವುದೂ ಅಂಥ ಸಮತಟ್ಟಿನಲ್ಲೇ.

ಇದರ ಜೊತೆಗೆ ಅಳತೆಯ ತೊಡಕೂ ಇದೆ. ಈ ನಕ್ಷೆಗಳ ಪ್ರಮಾಣ 1:50,000. ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್ ಆಗುತ್ತದೆ. 50 ಮೀಟರ್ ಅಗಲದ ಹೊಳೆ ಅಲ್ಲಿ ಒಂದು ಮಿಲಿಮೀಟರಿನ ಗೀರು. ಯಾರ ಮನೆ ಒಳಗೆ, ಯಾರದು ಹೊರಗೆ ಎಂದು ತೀರ್ಮಾನಿಸಲು ಆ ಗೀರು ಸಾಲುವುದಿಲ್ಲ.

ವಯನಾಡಿನ ಕಣಿವೆಯಲ್ಲಿ ಆದದ್ದು

ಮೇಪ್ಪಾಡಿ ಸುತ್ತಮುತ್ತ 48 ಗಂಟೆಯಲ್ಲಿ 572 ಮಿಲಿಮೀಟರ್ ಮಳೆ ಬಿದ್ದಿತ್ತು. ಮುಂಡಕ್ಕೈಗೂ ಮೇಲಿರುವ ಪುಂಚಿರಿಮಟ್ಟಂ ಊರಿನ ಮೇಲ್ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿ ಗುಡ್ಡ ಒಡೆಯಿತು. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರ ನೋಡಿ ಹೇಳಿದ ಪ್ರಕಾರ ಜಾರಿದ ನೆಲ 86,000 ಚದರ ಮೀಟರ್, ಅಂದರೆ ಸುಮಾರು 21 ಎಕರೆ. ಅದೇ ಜಾಗದಲ್ಲಿ ಹಳೆಯ ಕುಸಿತವೊಂದರ ಗುರುತೂ ಇತ್ತು. ಅಲ್ಲಿಂದ ಹೊರಟ ಮಣ್ಣು, ಬಂಡೆ, ಮರಗಳ ರಾಡಿ ಹೊಳೆಯ ಪಾತ್ರ ಹಿಡಿದು ಸುಮಾರು 8 ಕಿಲೋಮೀಟರ್ ಸಾಗಿತು. ಹಲವು ದೇಹಗಳು ಇನ್ನೂ ಕೆಳಗೆ, ಮಲಪ್ಪುರಂ ಜಿಲ್ಲೆಯ ನಿಲಂಬೂರು ಭಾಗದ ಚಾಲಿಯಾರ್ ನದಿಯಲ್ಲಿ ಸಿಕ್ಕವು.

21 ಎಕರೆ ಜಾರಿ ಎಂಟು ಕಿಲೋಮೀಟರ್ ಉದ್ದದ ಕಣಿವೆಯನ್ನು ಬೋಳು ಮಾಡಿದ್ದು ಹೇಗೆ? ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಎತ್ತಿಕೊಳ್ಳದೆ ಅದು ಆಗುವುದಿಲ್ಲ. ದುರಂತದ ಮೊದಲು ಮತ್ತು ನಂತರದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಮೊದಲು ಮರಗಳ ಮರೆಯಲ್ಲಿ ದಾರದಂತೆ ಹರಿಯುತ್ತಿದ್ದ ಹೊಳೆ ಆಮೇಲೆ ಅಗಲವಾದ ಕಂದು ಪಟ್ಟಿಯಾಗಿದೆ. ಎರಡೂ ದಂಡೆ ಹೋಗಿದೆ, ಮೇಲ್ಭಾಗದಲ್ಲಿ ತಳದ ಬಂಡೆ ಬರಿಮೈಯಲ್ಲಿ ನಿಂತಿದೆ. ಮಲಯಾಳದಲ್ಲಿ ಇದಕ್ಕೆ ಉರುಳ್‌ಪೊಟ್ಟಲ್ ಎನ್ನುತ್ತಾರೆ. ಸಾಮಾನ್ಯ ಗುಡ್ಡ ಕುಸಿತಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಷ್ಟು: ಅಲ್ಲಿ ಬಿದ್ದ ಮಣ್ಣು ಗುಡ್ಡದ ಬುಡದಲ್ಲೇ ರಾಶಿಯಾಗುತ್ತದೆ, ಇಲ್ಲಿ ಅದು ಹೊಳೆಯಾಗಿ ಹರಿಯುತ್ತದೆ ಮತ್ತು ಹರಿದಂತೆ ಬೆಳೆಯುತ್ತದೆ.

ಮಳೆ, ಗಣಿಗಾರಿಕೆ, ರೆಸಾರ್ಟ್, ಅರಣ್ಯ ನಾಶ ಇವುಗಳಲ್ಲಿ ತಪ್ಪು ಯಾವುದರದು ಎಂಬ ಚರ್ಚೆ ತನ್ನ ದಾರಿಯಲ್ಲಿ ನಡೆದಿದೆ. ಆ ದಿನದ ಮಳೆಯ ತೀವ್ರತೆ ಹವಾಮಾನ ಬದಲಾವಣೆಯಿಂದ ಸುಮಾರು ಶೇಕಡಾ 10ರಷ್ಟು ಹೆಚ್ಚಿತ್ತು ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಶನ್ ತಂಡ ಅಂದಾಜು ಮಾಡಿತು. ಜುಲೈ 31ರಂದು ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ 56,825 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಘೋಷಿಸುವ ಕರಡನ್ನು ಮತ್ತೊಮ್ಮೆ ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರ್ ಕೊನೆಯಲ್ಲಿ ಕರ್ನಾಟಕ ಸಂಪುಟ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಇವೆಲ್ಲ ಮುಖ್ಯವೇ. ಆದರೆ ಈ ವಾದದಲ್ಲಿ ಯಾರು ಗೆದ್ದರೂ ಹೊಳೆ ಬದಿಯ ಒಂದು ಮನೆಗೆ ರಾಡಿ ಮುಟ್ಟುತ್ತದೋ ಇಲ್ಲವೋ ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ಮಾದರಿಯ ಒಳಗೆ ಏನಿರುತ್ತದೆ?

ಹರಿವಿನ ಮಾದರಿ ಎಂದರೆ ಮೂಲತಃ ನ್ಯೂಟನ್ನನ ನಿಯಮಗಳ ಲೆಕ್ಕವೇ. ಕಣಿವೆಯನ್ನು ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕಕ್ಕೂ ಎತ್ತರ ಗೊತ್ತಿರುತ್ತದೆ. ರಾಡಿಯ ಆಳ ಅದರ ಉದ್ದಕ್ಕೆ ಹೋಲಿಸಿದರೆ ತೀರ ಕಡಿಮೆಯಾದ್ದರಿಂದ, ಮೇಲಿನಿಂದ ತಳದವರೆಗಿನ ವೇಗವನ್ನು ಸರಾಸರಿ ಮಾಡಿ ಒಂದೇ ಸಂಖ್ಯೆಯಾಗಿ ಹಿಡಿಯುತ್ತಾರೆ. ಆಮೇಲೆ ಕ್ಷಣಕ್ಷಣಕ್ಕೂ ಪ್ರತಿ ಚೌಕಕ್ಕೆ ಎರಡು ಲೆಕ್ಕ ನಡೆಯುತ್ತದೆ. ಒಳಗೆ ಬಂದ ರಾಡಿ ಎಷ್ಟು, ಹೊರಗೆ ಹೋದದ್ದು ಎಷ್ಟು ಎಂಬುದು ಒಂದು. ಮುಂದಕ್ಕೆ ಎಳೆಯುವ ಗುರುತ್ವ ಎಷ್ಟು, ಹಿಂದಕ್ಕೆ ಹಿಡಿಯುವ ಘರ್ಷಣೆ ಎಷ್ಟು ಎಂಬುದು ಇನ್ನೊಂದು.

ಗುರುತ್ವದ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಘರ್ಷಣೆಯ ಬಗ್ಗೆ. ಸ್ವಿಟ್ಜರ್ಲೆಂಡಿನ ಫೋಲ್ಮಿ 1955ರಲ್ಲಿ ಹಿಮಪಾತಗಳಿಗೆಂದು ಬರೆದ ಸೂತ್ರವನ್ನು ಇವತ್ತಿಗೂ ಭೂಕುಸಿತಕ್ಕೆ ಬಳಸುತ್ತಾರೆ. ಅದರಲ್ಲಿ ಎರಡು ಅಂಕಿ ಇವೆ: ಒಣ ಉಜ್ಜಾಟಕ್ಕೆ ಒಂದು, ವೇಗದ ವರ್ಗಕ್ಕೆ ಅನುಗುಣವಾಗಿ ಏರುವ ಪ್ರತಿರೋಧಕ್ಕೆ ಇನ್ನೊಂದು. 1989ರಲ್ಲಿ ಸ್ಯಾವೇಜ್ ಮತ್ತು ಹುಟ್ಟರ್ ಎಂಬಿಬ್ಬರು ಸಡಿಲ ಕಣಗಳ ರಾಶಿ ಇಳಿಜಾರಿನಲ್ಲಿ ಹೇಗೆ ಹರಡುತ್ತಾ ಇಳಿಯುತ್ತದೆ ಎಂಬ ಸಮೀಕರಣ ಕೊಟ್ಟರು. 1995ರಲ್ಲಿ ಕೆನಡಾದ ಓಲ್ಡ್ರಿಚ್ ಹಂಗರ್ ಅದನ್ನು ಎಂಜಿನಿಯರುಗಳು ಕಚೇರಿಯಲ್ಲಿ ಕೂತು ಬಳಸಬಹುದಾದ ತಂತ್ರಾಂಶವಾಗಿ ರೂಪಿಸಿದರು. ಇಂದು ಸ್ವಿಟ್ಜರ್ಲೆಂಡಿನ ರಾಮ್ಸ್, ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಡಿ-ಕ್ಲಾ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಆರ್.ಅವಾಫ್ಲೋ ಎಲ್ಲವೂ ಇದೇ ವಂಶದವು.

ಸಾಧನಗಳ ಕೊರತೆ ಇಲ್ಲ. ಕೊರತೆ ಇರುವುದು ಅದಕ್ಕೆ ಉಣಿಸುವ ಮಾಹಿತಿಯಲ್ಲಿ. ನಮ್ಮಲ್ಲಿ ಸುಲಭವಾಗಿ ಸಿಗುವ ಎತ್ತರದ ಮಾಹಿತಿಯಲ್ಲಿ ಒಂದು ಚೌಕದ ಬದಿ 30 ಮೀಟರ್. ಮಲೆನಾಡಿನ ಒಂದು ಹಳ್ಳದ ಅಗಲ ಹತ್ತು ಮೀಟರ್ ಇದ್ದರೆ ಆ ಹಳ್ಳ ಮಾದರಿಗೆ ಕಾಣುವುದೇ ಇಲ್ಲ. ಆಗ ರಾಡಿ ಹಳ್ಳ ಹಿಡಿದು ಹೋಗುವ ಬದಲು ಲೆಕ್ಕದಲ್ಲಿ ಇಡೀ ಇಳಿಜಾರಿಗೆ ತೆಳ್ಳಗೆ ಹರಡಿ ಬೇಗ ನಿಂತುಬಿಡುತ್ತದೆ. ಕೆಳಗಿನ ಊರು ಸುರಕ್ಷಿತ ಎಂದು ಕಂಪ್ಯೂಟರ್ ಹೇಳುತ್ತದೆ. ಇಂಥ ತಪ್ಪು ಪರದೆಯ ಮೇಲೆ ತಪ್ಪಿನಂತೆ ಕಾಣುವುದಿಲ್ಲ ಎಂಬುದೇ ಅದರ ಅಪಾಯ.

ತಳವನ್ನು ಕೊರೆಯುವ ಲೆಕ್ಕ

ಹಳೆಯ ಮಾದರಿಗಳಲ್ಲಿ ಹೊಳೆಯ ತಳ ಗಟ್ಟಿ ನೆಲ. ರಾಡಿ ಅದರ ಮೇಲೆ ಜಾರುತ್ತದೆ, ಅದನ್ನು ಮುಟ್ಟುವುದಿಲ್ಲ. ಎಷ್ಟು ಹೊರಟಿತೋ ಅಷ್ಟೇ ತಲುಪುತ್ತದೆ. ನಿಜದಲ್ಲಿ ಹಾಗಾಗುವುದಿಲ್ಲ ಎಂಬುದಕ್ಕೆ ಹಾಂಗ್‌ಕಾಂಗಿನ ತ್ಸಿಂಗ್ ಶಾನ್ ಗುಡ್ಡದ ಉದಾಹರಣೆ ಈ ಕ್ಷೇತ್ರದವರೆಲ್ಲರಿಗೂ ಪರಿಚಿತ. 1990ರಲ್ಲಿ ಅಲ್ಲಿ ಮೇಲೆ ಒಡೆದದ್ದು ಸುಮಾರು 400 ಘನ ಮೀಟರ್ ಮಣ್ಣು. ಕೆಳಗೆ ಬಂದು ತಲುಪುವಾಗ ಅದು ಸುಮಾರು 20,000 ಘನ ಮೀಟರ್ ಆಗಿತ್ತು. ಐವತ್ತು ಪಟ್ಟು. ಮೇಲೆ ಒಡೆದ ಮಣ್ಣನ್ನಷ್ಟೇ ಅಳೆದು ಕೆಳಗಿನ ಅಪಾಯ ಹೇಳಹೊರಟವರು ಅಲ್ಲಿ ಐವತ್ತರಲ್ಲಿ ಒಂದು ಪಾಲನ್ನು ಮಾತ್ರ ಕಂಡಂತಾಗುತ್ತಿತ್ತು.

ಹಾಗಾದರೆ ಕೊರೆತವನ್ನು ಅಳೆಯುವುದು ಹೇಗೆ? ಸೆಕೆಂಡಿಗೆ ಹಲವು ಮೀಟರ್ ಓಡುವ ಬಂಡೆಗಳ ರಾಡಿಯ ಅಡಿಯಲ್ಲಿ ಉಪಕರಣ ಉಳಿಯುವುದು ಕಷ್ಟ. ಸ್ವಿಟ್ಜರ್ಲೆಂಡಿನ ವಾಲೈಸ್ ಪ್ರಾಂತ್ಯದ ಇಲ್‌ಗ್ರಾಬನ್ ಎಂಬ ಕಣಿವೆಯಲ್ಲಿ ಇಂಥ ಹರಿವು ವರ್ಷಕ್ಕೆ ಹಲವು ಬಾರಿ ಬರುತ್ತದೆ. ಅಲ್ಲಿನ ಸಂಶೋಧಕರು ಒಂದು ಉಪಾಯ ಮಾಡಿದರು. ವಿದ್ಯುತ್ ರೆಸಿಸ್ಟರ್ ಇರುವ ಚಿಕ್ಕ ಚಿಕ್ಕ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಕಂಬದಂತೆ ಮಾಡಿ, ಹೊಳೆಯ ತಳದಲ್ಲಿ ನೆಟ್ಟಗೆ ಹೂತರು. ಮೇಲಿನ ಮಣ್ಣು ಕೊಚ್ಚಿಹೋದರೆ ಅದರ ಜೊತೆ ಮೇಲಿನ ತುಂಡೂ ಕಿತ್ತುಹೋಗುತ್ತದೆ. ತಂತಿಯಲ್ಲಿ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ದಡದ ಮೇಲಿನ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಉಪಕರಣ ಹಾಳಾಗುವುದೇ ಇಲ್ಲಿ ಅಳತೆ. ಯಾವ ಕ್ಷಣದಲ್ಲಿ ಎಷ್ಟು ಆಳ ಹೋಯಿತು ಎಂಬುದು ಹೀಗೆ ನೇರವಾಗಿ ಸಿಕ್ಕಿತು. ಕೊರೆತ ನಡೆಯುವುದು ಹೆಚ್ಚಾಗಿ ಹರಿವಿನ ಮೂತಿ ಹಾದುಹೋಗುವಾಗಲೇ ಎಂಬುದೂ ಇದರಿಂದ ಗೊತ್ತಾಯಿತು.

ಇಲ್‌ಗ್ರಾಬನ್ನಿನ ಅಳತೆಗಳಿಂದ ಬಂದ ಒಂದು ಸರಳ ನಿಯಮ ಇಂದು ರಾಮ್ಸ್ ಮಾದರಿಯೊಳಗೆ ಇದೆ. ರಾಡಿ ತಳವನ್ನು ಎಳೆಯುವ ಒತ್ತಡ ಒಂದು ಕಿಲೋಪಾಸ್ಕಲ್ (ಒತ್ತಡದ ಅಳತೆಯ ಮಾನ) ದಾಟಿದರೆ ಕೊರೆತ ಶುರು. ಅದರ ಮೇಲಿನ ಪ್ರತಿ ಕಿಲೋಪಾಸ್ಕಲ್‌ಗೆ ಹತ್ತು ಸೆಂಟಿಮೀಟರಿನಷ್ಟು ಆಳ ಹೋಗಬಹುದು. ಕೊರೆಯುವ ವೇಗ ಸೆಕೆಂಡಿಗೆ ಎರಡೂವರೆ ಸೆಂಟಿಮೀಟರ್.

ಈ ನಿಯಮವನ್ನು ಒಂದು ಕಾಲ್ಪನಿಕ ಹಳ್ಳಕ್ಕೆ ಹಚ್ಚಿ ನೋಡೋಣ. 15 ಡಿಗ್ರಿ ಇಳಿಜಾರು, ಮೂರು ಮೀಟರ್ ಆಳದ ರಾಡಿ, ನೀರಿನ ಎರಡು ಪಟ್ಟು ಸಾಂದ್ರತೆ. ತಳದ ಮೇಲಿನ ಎಳೆತ ಸುಮಾರು 15 ಕಿಲೋಪಾಸ್ಕಲ್ ಬರುತ್ತದೆ. ಮೊದಲ ಒಂದನ್ನು ಕಳೆದರೆ 14. ಅಂದರೆ ಸುಮಾರು ಒಂದು ಮೀಟರ್ ನಲವತ್ತು ಸೆಂಟಿಮೀಟರ್ ತಳ ಹೋಗಬಹುದು, ಅದೂ ಒಂದು ನಿಮಿಷದೊಳಗೆ. ಹಳ್ಳದ ಅಗಲ 20 ಮೀಟರ್ ಎಂದುಕೊಂಡರೆ ಪ್ರತಿ ಕಿಲೋಮೀಟರಿಗೆ 28,000 ಘನ ಮೀಟರ್ ಹೊಸ ಮಣ್ಣು ಸೇರುತ್ತದೆ. ಸೇರಿದ ಮಣ್ಣಿನಿಂದ ರಾಡಿಯ ಆಳ ಹೆಚ್ಚುತ್ತದೆ, ಆಳ ಹೆಚ್ಚಿದರೆ ಎಳೆತ ಹೆಚ್ಚುತ್ತದೆ, ಎಳೆತ ಹೆಚ್ಚಿದರೆ ಇನ್ನಷ್ಟು ಕೊರೆತ. ಇದಕ್ಕೆ ಕಡಿವಾಣ ಬೀಳುವುದು ಇಳಿಜಾರು ತಗ್ಗಿದಾಗ, ಕಣಿವೆ ಅಗಲವಾದಾಗ, ಅಥವಾ ಕೊರೆಯಲು ಮಣ್ಣೇ ಮುಗಿದು ಬಂಡೆ ಸಿಕ್ಕಾಗ.

ಆದರೆ ಇದು ಆಲ್ಪ್ಸ್ ಪರ್ವತದ ಒಂದು ಕಣಿವೆಯ ಜಲ್ಲಿಯಲ್ಲಿ ಸಿಕ್ಕ ಅಂಕಿ. ಪಶ್ಚಿಮ ಘಟ್ಟದ ಮಣ್ಣು ಬೇರೆ. ಸಾವಿರಾರು ವರ್ಷ ಮಳೆ ಬಿಸಿಲಿಗೆ ಕಲ್ಲು ಶಿಥಿಲವಾಗಿ ಆದ ದಪ್ಪನೆಯ ಕೆಂಪು ಜೇಡಿ, ಅದರೊಳಗೆ ಅಲ್ಲಲ್ಲಿ ಹುದುಗಿರುವ ಬಂಡೆ, ಮೇಲೆ ಮರಗಳ ಬೇರು. ಅಲ್ಲಿಯ ಅಂಕಿಯನ್ನು ಎತ್ತಿ ಇಲ್ಲಿಗೆ ಇಟ್ಟರೆ ಉತ್ತರ ಬರುತ್ತದೆ. ಅದು ನಮ್ಮ ಹಳ್ಳದ ಉತ್ತರವೇ ಎಂದು ಯಾರೂ ಖಾತರಿ ಕೊಡಲಾರರು.

ಕೊರೆತ ಹರಿವನ್ನು ಓಡಿಸುತ್ತದೆಯೇ, ತಡೆಯುತ್ತದೆಯೇ?

ವಿಜ್ಞಾನಿಗಳ ನಡುವಿನ ಮುಖ್ಯ ಭಿನ್ನಮತ ಇದೇ.

ಒಂದು ವಾದ ಶಾಲೆಯ ಭೌತವಿಜ್ಞಾನದಿಂದಲೇ ಹೊರಡುತ್ತದೆ. ಸೆಕೆಂಡಿಗೆ 10 ಮೀಟರ್ ಓಡುತ್ತಿರುವ 10 ಟನ್ ರಾಡಿ, ಸುಮ್ಮನೆ ಬಿದ್ದಿದ್ದ 5 ಟನ್ ಮಣ್ಣನ್ನು ಎತ್ತಿಕೊಂಡಿತು ಎನ್ನಿ. ಸಂವೇಗ, ಅಂದರೆ ತೂಕ ಮತ್ತು ವೇಗದ ಗುಣಲಬ್ಧ, ಉಳಿಯಬೇಕು, ತೂಕ 15 ಟನ್ ಆಯಿತು, ಆದ್ದರಿಂದ ವೇಗ 6.7 ಮೀಟರಿಗೆ ಇಳಿಯಬೇಕು. ನಿಂತದ್ದನ್ನು ಎತ್ತಿ ಓಡಿಸಲು ಶಕ್ತಿ ಬೇಕು, ಆ ಶಕ್ತಿ ಹರಿವಿನದೇ. ಈ ಪ್ರಕಾರ ಕೊರೆತ ಎಂದರೆ ಒಂದು ಬಗೆಯ ಬ್ರೇಕ್.

ಆದರೆ ನಿಜವಾದ ಕಣಿವೆಗಳಲ್ಲಿ ಕಂಡದ್ದು ಇದಕ್ಕೆ ಒಪ್ಪುತ್ತಿರಲಿಲ್ಲ. ತಳವನ್ನು ಬಹಳ ಕೊರೆದ ಹರಿವುಗಳೇ ಬಹಳ ದೂರ ಹೋಗಿದ್ದವು. ಇಂಥ ಹರಿವುಗಳನ್ನು ಪರೀಕ್ಷಿಸಲು ಅಮೆರಿಕದ ಒರೆಗಾನ್ ರಾಜ್ಯದ ಕಾಡೊಂದರಲ್ಲಿ 95 ಮೀಟರ್ ಉದ್ದ, 2 ಮೀಟರ್ ಅಗಲ, 31 ಡಿಗ್ರಿ ಇಳಿಜಾರಿನ ಕಾಂಕ್ರೀಟ್ ಕಾಲುವೆ ಇದೆ. ಭೂವಿಜ್ಞಾನಿ ರಿಚರ್ಡ್ ಐವರ್ಸನ್ ತಂಡ ಅದರ ತಳಕ್ಕೆ ಮಣ್ಣು ಹಾಸಿ, ಒಮ್ಮೆ ಕಡಿಮೆ ತೇವದಲ್ಲಿಯೂ ಇನ್ನೊಮ್ಮೆ ಚೆನ್ನಾಗಿ ನೆನೆಸಿಯೂ, ಮೇಲಿನಿಂದ ರಾಡಿ ಬಿಟ್ಟು ನೋಡಿತು. 2011ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ತೇವ ಕಡಿಮೆ ಇದ್ದ, ಒಣಗಿದಂಥ ತಳದ ಮೇಲೆ ಹರಿವು ಸೊರಗಿತು. ನೆಂದ ತಳದ ಮೇಲೆ ಅದು ಮಣ್ಣನ್ನೂ ಎತ್ತಿತು, ವೇಗವನ್ನೂ ಪಡೆಯಿತು.

ಕಾರಣ ಇರುವುದು ಮಣ್ಣಿನ ಸಂದಿಗಳ ನೀರಿನಲ್ಲಿ. ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಜೋರಾಗಿ ಕಾಲಿಟ್ಟರೆ ಕೆಸರು ಒಮ್ಮೆಲೇ ಸಡಿಲಾಗಿ ಕಾಲು ಜಾರುತ್ತದಲ್ಲ, ಹಾಗೆ. ಭಾರ ಬಿದ್ದಾಗ ಸಂದಿಯ ನೀರಿಗೆ ಹೊರಹೋಗಲು ಸಮಯ ಇರುವುದಿಲ್ಲ, ಭಾರವನ್ನು ನೀರೇ ಹೊರುತ್ತದೆ, ಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಬಲ ಕುಸಿಯುತ್ತದೆ. ಘರ್ಷಣೆ ಇಷ್ಟು ತಗ್ಗಿದಾಗ, ಹೊಸ ಮಣ್ಣನ್ನು ಓಡಿಸಲು ಆದ ಖರ್ಚಿಗಿಂತ ಘರ್ಷಣೆಯಲ್ಲಿ ಆದ ಉಳಿತಾಯವೇ ಹೆಚ್ಚಾಗುತ್ತದೆ.

ಮೂರನೆಯ ವಾದ ನೇಪಾಳ ಮೂಲದ ಶಿವ ಪುಡಸೈನಿ ಮತ್ತು ಜರ್ಮನಿಯ ಮೈಕೇಲ್ ಕ್ರೌಟ್‌ಬ್ಲಾಟರ್ ಅವರದು. ಕೊರೆತ ಬ್ರೇಕೋ ವೇಗವರ್ಧಕವೋ ಎಂದು ಒಂದೇ ಮಾತಿನಲ್ಲಿ ಹೇಳುವುದೇ ತಪ್ಪು ಎಂದು ಅವರು 2021ರಲ್ಲಿ ವಾದಿಸಿದರು. ತಳದ ಮಣ್ಣು ಹರಿವಿಗೆ ಸೇರುವಾಗ ಎಷ್ಟು ವೇಗದಲ್ಲಿ ಸೇರುತ್ತದೆ ಎಂಬುದರ ಮೇಲೆ ಶಕ್ತಿಯ ಜಮಾ ಖರ್ಚು ನಿಂತಿದೆ. ಆ ವೇಗ ಸಾಕಷ್ಟು ಇದ್ದರೆ ಹರಿವಿನ ಓಟ ಹೆಚ್ಚುತ್ತದೆ, ಇಲ್ಲದಿದ್ದರೆ ತಗ್ಗುತ್ತದೆ. ಹಳೆಯ ಹಲವು ಮಾದರಿಗಳು ಈ ವೇಗವನ್ನು ಸಮೀಕರಣದಲ್ಲಿ ಸರಿಯಾಗಿ ಸೇರಿಸಿಯೇ ಇಲ್ಲ ಎಂಬುದು ಅವರ ಆಕ್ಷೇಪ.

ಮೂರೂ ವಾದಗಳಿಗೆ ಅವುಗಳದೇ ಬಲ ಇದೆ. ಪಶ್ಚಿಮ ಘಟ್ಟಕ್ಕೆ ಹತ್ತಿರವಾಗಿ ಕಾಣುವುದು ಐವರ್ಸನ್ ಪ್ರಯೋಗದ ನೆಂದ ತಳ. ನಮ್ಮಲ್ಲಿ ಇಂಥ ದೊಡ್ಡ ಕುಸಿತ ಆಗುವುದು ಜುಲೈ, ಆಗಸ್ಟ್‌ನಲ್ಲಿ, ಎರಡು ತಿಂಗಳ ಮಳೆ ಕುಡಿದ ನೆಲದ ಮೇಲೆ, ತುಂಬಿ ಹರಿಯುವ ಹಳ್ಳದಲ್ಲಿ. ಒಣ ತಳ ಎಂಬ ಊಹೆಗೆ ಇಲ್ಲಿ ಜಾಗವೇ ಇಲ್ಲ. ಕೊರೆತವನ್ನು ಬ್ರೇಕ್ ಎಂದು ಹಿಡಿದು ಮಾಡಿದ ಯಾವ ನಕ್ಷೆಯನ್ನೂ ಮಲೆನಾಡಿನ ಮಳೆಗಾಲಕ್ಕೆ ಹಾಗೆಯೇ ಒಪ್ಪಿಕೊಳ್ಳಬಾರದು.

ಒಂದೇ ಗುರುತಿಗೆ ಎರಡು ವಿವರಣೆ

ಮಾದರಿ ಸರಿಯಿದೆಯೇ ಎಂದು ಪರೀಕ್ಷಿಸುವ ರೂಢಿಯ ವಿಧಾನ ಹೀಗಿದೆ. ಹಿಂದೆ ಆದ ಒಂದು ಕುಸಿತವನ್ನು ತೆಗೆದುಕೊಂಡು, ಮಾದರಿಯ ಅಂಕಿಗಳನ್ನು ತಿರುಗಿಸುತ್ತಾ ತಿರುಗಿಸುತ್ತಾ, ರಾಡಿ ನಿಜವಾಗಿ ಹೋದ ಗುರುತಿಗೆ ಲೆಕ್ಕದ ಗುರುತು ಹೊಂದುವವರೆಗೆ ಕೂರುತ್ತಾರೆ. ಹೊಂದಿದಾಗ ಮಾದರಿ ‘ಸರಿಯಾಯಿತು’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ‘ಕಂಪ್ಯೂಟರ್ ಮಾದರಿ ದುರಂತವನ್ನು ಮರುಸೃಷ್ಟಿಸಿತು’ ಎಂದು ಬರುವುದು ಸಾಮಾನ್ಯವಾಗಿ ಇದನ್ನೇ.

ಇಲ್ಲಿ ಒಂದು ಸಿಕ್ಕು ಇದೆ. ಕೊರೆತವೇ ಇಲ್ಲ, ಘರ್ಷಣೆ ಬಹಳ ಕಡಿಮೆ ಎಂದು ಇಟ್ಟರೂ ರಾಡಿ 8 ಕಿಲೋಮೀಟರ್ ಹೋಗುತ್ತದೆ. ಘರ್ಷಣೆ ಹೆಚ್ಚು, ಆದರೆ ದಾರಿಯಲ್ಲಿ ಮಣ್ಣು ಸೇರುತ್ತದೆ ಎಂದು ಇಟ್ಟರೂ 8 ಕಿಲೋಮೀಟರೇ ಹೋಗಬಹುದು. ನಕ್ಷೆಯ ಮೇಲಿನ ಗುರುತು ಒಂದೇ. ಒಳಗಿನ ಕಥೆ ಬೇರೆ. ಮೊದಲನೆಯದರಲ್ಲಿ ತೆಳ್ಳನೆಯ ರಾಡಿ ವೇಗವಾಗಿ ಬರುತ್ತದೆ, ಎರಡನೆಯದರಲ್ಲಿ ದಪ್ಪನೆಯ ರಾಡಿ ನಿಧಾನವಾಗಿ ಬರುತ್ತದೆ. ಐದು ಕಿಲೋಮೀಟರ್ ಕೆಳಗಿನ ಊರಿಗೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದರೆ ಓಡಿ ಪಾರಾಗಲು ಸಿಗುವ ಸಮಯ ಎಂಟು ನಿಮಿಷ ಚಿಲ್ಲರೆ, ಐದು ಮೀಟರ್ ವೇಗವಾದರೆ ಹದಿನಾರು ನಿಮಿಷ ದಾಟುತ್ತದೆ. ಸೈರನ್ ಕೂಗಿಸುವ ವ್ಯವಸ್ಥೆ ಪ್ರಯೋಜನಕ್ಕೆ ಬರುತ್ತದೋ ಇಲ್ಲವೋ ಎಂಬುದು ಈ ವ್ಯತ್ಯಾಸದ ಮೇಲೆ ನಿಂತಿದೆ. ಸೇತುವೆಯ ಎತ್ತರ ಎಷ್ಟಿರಬೇಕು ಎಂಬುದೂ ರಾಡಿಯ ದಪ್ಪದ ಮೇಲೆಯೇ ನಿಂತಿದೆ. ಅಷ್ಟೇ ಅಲ್ಲ, ಪಕ್ಕದ ಕಣಿವೆಗೆ ಈ ಎರಡು ಮಾದರಿಗಳನ್ನು ಹಚ್ಚಿದರೆ ಅಲ್ಲಿ ಅವು ಒಂದೇ ಉತ್ತರ ಕೊಡುತ್ತವೆ ಎಂಬ ನಂಬಿಕೆ ಇಲ್ಲ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಓಸೊ ಊರಿನಲ್ಲಿ 2014ರ ಮಾರ್ಚ್ 22ರಂದು ಗುಡ್ಡ ಕುಸಿದು 43 ಜನ ಸತ್ತರು. ಆಮೇಲೆ ಡಿ-ಕ್ಲಾ ಮಾದರಿಯಲ್ಲಿ ಅದನ್ನು ಮತ್ತೆ ಓಡಿಸಿದಾಗ ಒಂದು ಸಂಗತಿ ಗಮನ ಸೆಳೆಯಿತು. ಕುಸಿಯುವ ಮೊದಲು ಮಣ್ಣು ಎಷ್ಟು ಸಡಿಲವಾಗಿತ್ತು ಎಂಬ ಒಂದು ಅಂಕಿಯನ್ನು ಅತ್ಯಲ್ಪ ಬದಲಿಸಿದರೂ ಗುಡ್ಡ ಒಮ್ಮೆ ನಿಧಾನವಾಗಿ ಜಾರಿ ಬುಡದಲ್ಲೇ ನಿಲ್ಲುತ್ತಿತ್ತು, ಇನ್ನೊಮ್ಮೆ ದ್ರವದಂತೆ ಹರಿದು ನದಿ ದಾಟಿ ಮನೆಗಳನ್ನು ಮುಚ್ಚುತ್ತಿತ್ತು. ಅಷ್ಟು ಸೂಕ್ಷ್ಮ ವ್ಯತ್ಯಾಸವನ್ನು ಗುಡ್ಡದೊಳಗೆ ಇಳಿದು ಮೊದಲೇ ಅಳೆಯುವುದು ಯಾವ ದೇಶಕ್ಕೂ ಸುಲಭವಲ್ಲ.

ಗೆರೆ ಎಳೆಯುವವರು, ಗೆರೆಯೊಳಗೆ ಬದುಕುವವರು

ಇಷ್ಟು ತಿಳಿದ ಮೇಲೆ ಚೂರಲ್‌ಮಲದ ಗೆರೆಗೆ ಮರಳಬಹುದು. ಆಡಳಿತದ ವಾದ: ಎಲ್ಲೋ ಒಂದು ಕಡೆ ಗಡಿ ಹಾಕಲೇಬೇಕು, ಇಲ್ಲದಿದ್ದರೆ ಪರಿಹಾರ ಕೊಡಲಾಗುವುದಿಲ್ಲ. ನಿವಾಸಿಗಳ ವಾದ: ರಾಡಿಗೆ ನಿಮ್ಮ ಗಡಿ ಗೊತ್ತಿಲ್ಲ. ತೋಟದ ಪಾಡಿಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಬದುಕುವ ಕಾರ್ಮಿಕರ ಕಷ್ಟ ಇನ್ನೊಂದು ಬಗೆಯದು. ಮನೆ ಅವರ ಹೆಸರಿನಲ್ಲಿ ಇಲ್ಲ, ಬೇರೆಡೆಗೆ ಹೋದರೆ ಕೂಲಿ ಇಲ್ಲ. ಬಹಳಷ್ಟು ಭೂವಿಜ್ಞಾನಿಗಳು ನಡುವೆ ನಿಂತು, ಕಳೆದ ಬಾರಿ ರಾಡಿ ಮುಟ್ಟಿದ ಜಾಗಕ್ಕೆ ಇನ್ನಷ್ಟು ದೂರ ಸೇರಿಸಿ ಗಡಿ ಹಾಕುವುದು ಸದ್ಯಕ್ಕೆ ಸಾಧ್ಯವಿರುವ ದಾರಿ ಎನ್ನುತ್ತಾರೆ.

ಆ ದಾರಿಯ ದೋಷ ಇದು: ಕಳೆದ ಬಾರಿಯ ಹರಿವೇ ದೊಡ್ಡದು, ಮುಂದಿನದು ಅದಕ್ಕಿಂತ ದೊಡ್ಡದಾಗದು ಎಂದು ಅದು ಒಳಗೊಳಗೇ ನಂಬುತ್ತದೆ. ಇದೇ ಕಣಿವೆಯಲ್ಲಿ 1984ರಲ್ಲಿ ಮುಂಡಕ್ಕೈ ಬಳಿ ಕುಸಿತವಾಗಿತ್ತು. 2019ರ ಆಗಸ್ಟ್ 8ರಂದು ಹತ್ತಿರದ ಪುತ್ತುಮಲದಲ್ಲಿ 17 ಜನ ಹೋದರು. ಆ ಎರಡರ ಗುರುತು ನೋಡಿ ಗಡಿ ಹಾಕಿದ್ದರೆ 2024ರಲ್ಲಿ ಚೂರಲ್‌ಮಲ ಪೇಟೆ ಗಡಿಯ ಹೊರಗೇ ಇರುತ್ತಿತ್ತು.

ಸ್ವಿಟ್ಜರ್ಲೆಂಡಿನಲ್ಲಿ ಒಂದೇ ಗೆರೆ ಇಲ್ಲ. ಕೆಂಪು ವಲಯದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ನೀಲಿಯಲ್ಲಿ ಷರತ್ತಿನ ಮೇಲೆ ಕಟ್ಟಬಹುದು, ಹಳದಿಯಲ್ಲಿ ಎಚ್ಚರಿಕೆ ಸಾಕು. ಹರಿವಿನ ತೀವ್ರತೆ ಮತ್ತು ಅದು ಎಷ್ಟು ವರ್ಷಕ್ಕೊಮ್ಮೆ ಬರಬಹುದು ಎಂಬ ಎರಡನ್ನೂ ನೋಡಿ ಬಣ್ಣ ತೀರ್ಮಾನವಾಗುತ್ತದೆ. ಹಾಂಗ್‌ಕಾಂಗಿನಲ್ಲಿ ಮನೆಗಳ ಮೇಲಿರುವ ಗುಡ್ಡಗಳಿಗೆ ಹರಿವಿನ ಮಾದರಿ ಓಡಿಸಿ, ಬರಬಹುದಾದ ರಾಡಿಯ ಆಳ ಮತ್ತು ವೇಗಕ್ಕೆ ತಕ್ಕಂತೆ ಹಳ್ಳಗಳಿಗೆ ಅಡ್ಡಲಾಗಿ ಉಕ್ಕಿನ ಬಲೆಗಳನ್ನು ಕಟ್ಟುತ್ತಾರೆ. ಎರಡೂ ಕಡೆ ಮಾದರಿಯನ್ನು ಭವಿಷ್ಯವಾಣಿಯಂತೆ ಯಾರೂ ನೋಡುವುದಿಲ್ಲ. ಘರ್ಷಣೆ, ಕೊರೆತ, ಹೊರಟ ಮಣ್ಣು ಇವುಗಳ ಅಂಕಿಯನ್ನು ಬದಲಿಸಿ ಬದಲಿಸಿ ಮಾದರಿಯನ್ನು ನೂರಾರು ಸಲ ಓಡಿಸಿದರೆ, ಈ ಮನೆಗೆ ನೂರರಲ್ಲಿ ಎಂಬತ್ತು ಸಲ ರಾಡಿ ಮುಟ್ಟಿತು, ಆ ಮನೆಗೆ ಹತ್ತು ಸಲ ಮುಟ್ಟಿತು ಎಂಬಂಥ ಉತ್ತರ ಸಿಗುತ್ತದೆ. ಗೆರೆಯ ಹೊರಗೆ ನಿಂತು ಪ್ರಶ್ನೆ ಕೇಳುವವರಿಗೆ ಕೊಡಬೇಕಾದ ಪ್ರಾಮಾಣಿಕ ಉತ್ತರ ಅದು. ಅದು ಇಲಾಖೆಯ ಕಡತದಲ್ಲಿ ಉಳಿಯದೆ, ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಜನರ ಭಾಷೆಯಲ್ಲಿ ಇರಬೇಕು.

ಕರ್ನಾಟಕದ ಮಟ್ಟಿಗೆ

ವಯನಾಡಿನ ಸಂತ್ರಸ್ತರಿಗೆ 100 ಮನೆ ಕಟ್ಟಿಸಿಕೊಡುವುದಾಗಿ ಕರ್ನಾಟಕ ಘೋಷಿಸಿತು. ನಮ್ಮಲ್ಲೂ ಇದೇ ಬಗೆಯ ಕಣಿವೆಗಳಿವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮದೆನಾಡು, ಮಕ್ಕಂದೂರು ಭಾಗದಲ್ಲಿ ಗುಡ್ಡಗಳು ಕುಸಿದು ಹಳ್ಳ ಹಿಡಿದು ಬಂದವು. ಕಾಫಿ ತೋಟಗಳು ಜಾರಿದವು, ಕೆಳಗಿನ ಗದ್ದೆಗಳ ಮೇಲೆ ಹೂಳು ತುಂಬಿಕೊಂಡಿತು. ವಯನಾಡಿಗೆ ಎರಡು ವಾರ ಮೊದಲು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿ ನದಿಗೆ ಬಿತ್ತು. ಅಲ್ಲಿ ನದಿಯ ನೀರು ಉಕ್ಕಿ ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಗುಡ್ಡದ ಬುಡದಲ್ಲೇ ಇಲ್ಲದವರಿಗೂ ಗುಡ್ಡದ ಅಪಾಯ ತಲುಪಿತು.

ಈ ಜಿಲ್ಲೆಗಳಲ್ಲಿ ಮೊದಲು ಬೇಕಿರುವುದು ಹೊಸ ತಂತ್ರಾಂಶವಲ್ಲ, ಹಳ್ಳಗಳ ತಳದ ಅಳತೆ. ಜನವಸತಿಯ ಮೇಲಿರುವ ಪ್ರತಿ ಹಳ್ಳದಲ್ಲಿ ಬಂಡೆಯ ಮೇಲೆ ಎಷ್ಟು ಮೀಟರ್ ಸಡಿಲ ಮಣ್ಣು ಇದೆ, ಅದು ಮಳೆಗಾಲದ ನಡುವೆ ಎಷ್ಟು ನೆಂದಿರುತ್ತದೆ, ಹಿಂದಿನ ಹರಿವು ಎಲ್ಲಿಯವರೆಗೆ ಬಂದ ಗುರುತು ದಂಡೆಯಲ್ಲಿ ಇದೆ ಎಂಬುದು ಗೊತ್ತಾಗಬೇಕು. ಇದರ ಬಹುಪಾಲನ್ನು ಗುಂಡಿ ತೋಡಿ, ಟೇಪ್ ಹಿಡಿದು, ಬೇಸಿಗೆಯಲ್ಲೇ ಮಾಡಬಹುದು. ಎತ್ತರದ ಮಾಹಿತಿಗೆ ವಿಮಾನ ಅಥವಾ ಡ್ರೋನ್‌ನಿಂದ ಲೇಸರ್ ಸಮೀಕ್ಷೆ ಮಾಡಿಸಿದರೆ ಚೌಕದ ಬದಿ 30 ಮೀಟರಿನಿಂದ ಒಂದು ಮೀಟರಿಗೆ ಇಳಿಯುತ್ತದೆ, ಹತ್ತು ಮೀಟರಿನ ಹಳ್ಳವೂ ಮಾದರಿಗೆ ಕಾಣುತ್ತದೆ.

ತಳ ಬದಲಾದಂತೆ ಲೆಕ್ಕವೂ ಬದಲಾಗುತ್ತದೆ

ಒಮ್ಮೆ ಮಾಡಿದ ನಕ್ಷೆ ಶಾಶ್ವತವಲ್ಲ. ದೊಡ್ಡ ಹರಿವು ಹಾದುಹೋದ ಮೇಲೆ ಕಣಿವೆಯ ಮೇಲ್ಭಾಗದಲ್ಲಿ ಬರಿ ಬಂಡೆ ಉಳಿಯುತ್ತದೆ. ಅಲ್ಲಿ ಮುಂದಿನ ಹರಿವಿಗೆ ಎತ್ತಿಕೊಳ್ಳಲು ಹೆಚ್ಚೇನೂ ಇಲ್ಲ, ಎರಡೂ ಬದಿಯಿಂದ ಮಣ್ಣು ಜರಿದು ಮತ್ತೆ ತುಂಬಿಕೊಳ್ಳಲು ಹಲವು ವರ್ಷ ಹಿಡಿಯಬಹುದು. ಕೆಳಭಾಗದ ಕಥೆ ತಿರುಗಾಮುರುಗಾ. ಅಲ್ಲಿ ಬಂದು ನಿಂತ ರಾಶಿ ಸಡಿಲವಾಗಿದೆ, ಬೇರುಗಳ ಹಿಡಿತ ಇಲ್ಲ, ಹೊಳೆಯ ಪಾತ್ರ ಎತ್ತರವಾಗಿದೆ, ಮೊದಲು ದಂಡೆಯೊಳಗೆ ಹೋಗುತ್ತಿದ್ದ ನೆರೆ ಈಗ ದಂಡೆ ಮೀರುತ್ತದೆ. 2025ರ ಜೂನ್‌ನಲ್ಲಿ ಮಳೆ ಜೋರಾದಾಗ ಪುನ್ನಪ್ಪುಳ ಹೊಳೆ ಕೆಸರು ಹೊತ್ತು ಉಕ್ಕಿ ಚೂರಲ್‌ಮಲದ ಜನ ಮತ್ತೆ ಗಾಬರಿಯಾದದ್ದು ಇದೇ ಕಾರಣಕ್ಕೆ. ಮೇಲೆ ಹೊಸದಾಗಿ ಗುಡ್ಡ ಒಡೆಯದಿದ್ದರೂ ಕೆಳಗೆ ಬಿದ್ದಿರುವ ಹಳೆಯ ರಾಶಿಯನ್ನು ಎಬ್ಬಿಸಲು ಜೋರು ಮಳೆಯೊಂದೇ ಸಾಕು.

ಹಾಗಾಗಿ 2024ರ ನೆಲದ ಮೇಲೆ ಎಳೆದ ಗಡಿಯನ್ನು ಪ್ರತಿ ಮಳೆಗಾಲದ ನಂತರ, ಹೊಸ ತಳದ ಅಳತೆ ಹಿಡಿದು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಪುನರ್ವಸತಿ ಪಟ್ಟಿ ಮುಚ್ಚಿದ ಮೇಲೆ ಆ ಲೆಕ್ಕವನ್ನು ಯಾರು ಮಾಡುತ್ತಾರೆ, ಗಡಿ ಹೊರಕ್ಕೆ ಸರಿದರೆ ಹೊಸದಾಗಿ ಒಳಗೆ ಬಂದ ಮನೆಗಳಿಗೆ ಯಾವ ಹಣದಿಂದ ಪರಿಹಾರ ಕೊಡುತ್ತಾರೆ ಎಂಬುದನ್ನು ಸರ್ಕಾರಗಳು ಆದೇಶದಲ್ಲೇ ಬರೆದಿಡಬೇಕು. ಅಲ್ಲಿಯವರೆಗೆ ಗೆರೆಯ ಹೊರಗೆ ಮನೆ ಇರುವವರು ಕೇಳುತ್ತಿರುವ ಪ್ರಶ್ನೆಗೆ ಬಲ ಇದ್ದೇ ಇರುತ್ತದೆ.